ಮುರ್ಡಾಗ್ ಎಂಬವರು ಇಲ್ಲಿ ಯಾರೂ ಇಲ್ಲ

ನಮ್ಮ ಲೂಯಿಸ್ ದ್ವೀಪದಲ್ಲಿ ಹುಟ್ಟಿದ ಹೆಣ್ಣು ಮಗುವಿಗೆ ಏನು ಹೆಸರಿಡುವುದು ಎಂದು ಹಿಂದೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಹೆಸರು ಮನೆಯಲ್ಲೇ ಇರುತ್ತಿತ್ತು. ಅಜ್ಜಿಯದೋ, ತೀರಿಹೋದ ಅತ್ತೆಯದೋ, ಗಂಡು ಮಗು ಹುಟ್ಟದಿದ್ದರೆ ಅಜ್ಜನದೋ. ಅಜ್ಜನ ಹೆಸರಿಗೆ ಒಂದು ಬಾಲ ಸೇರಿಸಿದರೆ ಅದೇ ಹೆಣ್ಣಿನ ಹೆಸರು. ಡೊನಾಲ್ಡ್ ಇದ್ದವನು ಡೋಲಿನಾ ಆಗುತ್ತಿದ್ದ, ಮುರ್ಡೋ ಇದ್ದವನು ಮುರ್ಡಾಗ್ ಆಗುತ್ತಿದ್ದ. ದೊಡ್ಡವಳಾದ ಮೇಲೆ ಆ ಹುಡುಗಿ ಅದನ್ನು ಹೊತ್ತು ತಿರುಗಬೇಕಲ್ಲ ಎಂದು ಕೇಳಿದವರಿಲ್ಲ. ಎಂಬತ್ತರ ದಶಕದ ಹೊತ್ತಿಗೆ ಗಾಳಿ ತಿರುಗಿತ್ತು. ಎಲ್ಲರಿಗೂ ಏಲಿ ಬೇಕಾಗಿತ್ತು. ಶಾಲೆಯ ಅಂಗಳದಲ್ಲಿ ನಿಂತು 'ಏಲಿ' ಎಂದು ಕೂಗಿದರೆ ಬಿಡುವಿನ ಆಟವೇ ನಿಂತುಹೋಗುತ್ತಿತ್ತು. ಹೆಸರಿನ ಅರ್ಥ ಬೆಳಕಂತೆ ಎಂದು ತಾಯಂದಿರು ಹೆಮ್ಮೆಯಿಂದ ಹೇಳುತ್ತಿದ್ದರು. ವರ್ಷದ ಮುಕ್ಕಾಲು ಪಾಲು ಮೋಡ ಕವಿದಿರುವ ಊರಿಗೆ ಇಷ್ಟೊಂದು ಬೆಳಕು ಎಲ್ಲಿಂದ ಬಂತೋ ಎಂದು ಮುರ್ಡೋ ಮುದುಕ ನಗುತ್ತಿದ್ದ.

ನಗುವ ಹಕ್ಕು ಅವನಿಗಿತ್ತು. ಅವನ ಹೆಸರಿನವಳು ಅವನ ಮನೆಯಲ್ಲೇ ಬೆಳೆದಿದ್ದಳು. ಮಗ ಕೆನ್ನಿಗೂ ಸೊಸೆ ಕಿರ್ಸ್ಟಿಗೂ ಒಬ್ಬಳೇ ಮಗಳು, ಮುರ್ಡಾಗ್. ಮುದುಕ ಅವಳನ್ನು ಹೆಸರು ಹಿಡಿದು ಕರೆದದ್ದೇ ಕಡಿಮೆ. 'ನನ್ನ ಹೆಸರು ಎಲ್ಲಿ, ಊಟಕ್ಕೆ ಬರಲಿಲ್ಲವಾ' ಎನ್ನುತ್ತಿದ್ದ. 'ನನ್ನ ಹೆಸರಿಗೆ ಇನ್ನೊಂದು ಆಲೂಗೆಡ್ಡೆ ಹಾಕು' ಎನ್ನುತ್ತಿದ್ದ. ಹೆಸರಿನ ಅರ್ಥ ಕಡಲಿನ ಕಾದಾಳು ಎಂದು ಹೇಳಿಕೊಟ್ಟವನೂ ಅವನೇ. ಹೆಂಡತಿ ಶೋನಾಗ್ ಮಾತ್ರ, ಕಡಲಿಗೆ ಕಾಲಿಟ್ಟರೆ ವಾಂತಿ ಮಾಡುವ ಕಾದಾಳು ಎಂದು ಮೊಮ್ಮಗಳನ್ನು ಕೀಟಲೆ ಮಾಡುತ್ತಿದ್ದಳು.

ಪಕ್ಕದ ಮನೆಯಲ್ಲಿ ಕೆನ್ನಿಯ ಅಕ್ಕ ಪೆಗಿ ಇದ್ದಳು. ಪೆಗಿಯ ಮಗಳು ತನ್ನ ಕೂಸಿಗೆ ಪೆಗಿಯ ಹೆಸರಿಡಲಿಲ್ಲ, ಏಲಿ ಎಂದು ಇಟ್ಟಳು. ಆ ಗಾಯ ಪೆಗಿಗೆ ಮಾಗಿರಲಿಲ್ಲ. ಹಾಗಾಗಿ ಅವಳು ಬಂದಾಗಲೆಲ್ಲ ಮುರ್ಡಾಗ್‌ಳನ್ನು ಹೊಗಳುತ್ತಿದ್ದಳು. ಈ ಮನೆಯಲ್ಲಿ ಇನ್ನೂ ಹಿರಿಯರ ಹೆಸರಿಗೆ ಒಂದು ಬೆಲೆಯಿದೆ ಎನ್ನುತ್ತಿದ್ದಳು. ಹೊಗಳಿಕೆಯ ಅರ್ಧ ಪಾಲು ತನ್ನ ಮಗಳಿಗೆ ಬೈಗುಳ ಎಂಬುದು ಎಲ್ಲರಿಗೂ ಗೊತ್ತಿತ್ತು.

ಮುರ್ಡಾಗ್ ಹತ್ತೊಂಬತ್ತಕ್ಕೆ ಎಡಿನ್‌ಬರೋಗೆ ಹೋದಳು, ಟೈಪಿಂಗ್ ಮತ್ತು ಆಫೀಸು ಕೆಲಸ ಕಲಿಯಲು. ಬೇರೆ ಬೇರೆ ಕಡೆ ಕೆಲಸ ಮಾಡುವ ಇಬ್ಬರು ಹುಡುಗಿಯರ ಜೊತೆ ಬಾಡಿಗೆ ಮನೆ ಸಿಕ್ಕಿತು. ಮೊದಲ ದಿನ ಹೆಸರು ಹೇಳಿದಾಗ ಹಿಲರಿ ಎಂಬವಳು, ಗಂಡಸಿಗೆ ಲಂಗ ತೊಡಿಸಿದ ಹಾಗಿದೆಯಲ್ಲ ಎಂದು ನಕ್ಕಳು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಆದರೆ ಮುರ್ಡಾಗ್‌ಗೆ ಕಿವಿ ಬಿಸಿಯಾಯಿತು. ಅದು ದಾಖಲೆಯಲ್ಲಿ ಮಾತ್ರ, ನನ್ನನ್ನು ಕರೆಯೋದು ಏಲಿ ಅಂತ, ಎಂದುಬಿಟ್ಟಳು. ಎಷ್ಟು ಚೆಂದದ ಹೆಸರು ಎಂದು ಇಬ್ಬರೂ ಅಂದರು. ವಾರ ಕಳೆಯುವಷ್ಟರಲ್ಲಿ ಅವರು ಹಳೆಯದನ್ನು ಮರೆತರು. ಅವಳೂ ಮರೆತ ಹಾಗೆಯೇ ಇದ್ದಳು. ಪುಸ್ತಕದಂಗಡಿಯೊಂದರಲ್ಲಿ ಮಕ್ಕಳ ಹೆಸರಿನ ಪುಸ್ತಕ ತಿರುವಿ ನೋಡಿದಾಗ ಅದರಲ್ಲಿ ಏಲಿ ಇತ್ತು, ಮುರ್ಡಾಗ್ ಇರಲೇ ಇಲ್ಲ.

ಮನೆಯವರಿಗೆ ಅವಳು ಫೋನ್ ಮಾಡಬೇಡಿ ಎಂದಿದ್ದಳು. ಅದು ಮೂವರಿಗೂ ಸೇರಿದ ಫೋನು, ನಾನೇ ಪ್ರತಿ ಶನಿವಾರ ಮಾಡುತ್ತೇನೆ, ಎಂದು. ಭಾನುವಾರ ದೇವರ ದಿನ, ನಮ್ಮೂರಲ್ಲಿ ಫೋನ್ ಮುಟ್ಟುವವರಿಲ್ಲ. ಆದರೂ ಯಾವುದಕ್ಕೂ ಇರಲಿ ಎಂದು ಕಿರ್ಸ್ಟಿ ಹಟ ಹಿಡಿದು ನಂಬರ್ ಬರೆಸಿಕೊಂಡು ಅಡುಗೆಮನೆಯ ಬಾಗಿಲ ಹಿಂದೆ ಅಂಟಿಸಿದ್ದಳು.

ಮಾರ್ಚ್ ತಿಂಗಳ ಕೊನೆಯಲ್ಲಿ ಮುದುಕನಿಗೆ ಲಕ್ವ ಹೊಡೆಯಿತು. ಕೆನ್ನಿ ಮೀನು ಹಿಡಿಯಲು ಸಮುದ್ರದ ಮೇಲಿದ್ದ. ಡಾಕ್ಟರು ನೋಡಿ, ದೂರದಲ್ಲಿ ಇರುವವರನ್ನು ಕರೆಸಿಕೊಳ್ಳಿ ಅಂದರು. ಬೆಳಿಗ್ಗೆ ಕಿರ್ಸ್ಟಿ ಬಾಗಿಲ ಹಿಂದಿನ ನಂಬರ್ ನೋಡಿಕೊಂಡು ಫೋನ್ ತಿರುಗಿಸಿದಳು. ಪಕ್ಕದಲ್ಲಿ ಪೆಗಿ ನಿಂತಿದ್ದಳು. ಮುರ್ಡಾಗ್‌ಳನ್ನು ಕರೆಯಿರಿ ಎಂದಾಗ, ಆ ಕಡೆಯಿಂದ ನಿದ್ದೆಗಣ್ಣಿನ ಹುಡುಗಿಯೊಬ್ಬಳು ಮುರ್ಡಾಗ್ ಎಂಬವರು ಇಲ್ಲಿ ಯಾರೂ ಇಲ್ಲ, ನಂಬರ್ ತಪ್ಪಾಗಿದೆ ಎಂದು ಇಟ್ಟುಬಿಟ್ಟಳು. ಇನ್ನೊಂದು ಸಲ ತಿರುಗಿಸಿದಾಗಲೂ ಅದೇ ದನಿ, ಈ ಸಲ ಸಿಟ್ಟಿನಲ್ಲಿ. ಮೂರನೆಯ ಸಲ ತಿರುಗಿಸುವ ಧೈರ್ಯ ಕಿರ್ಸ್ಟಿಗೆ ಬರಲಿಲ್ಲ.

ಕೆನ್ನಿಯ ದೋಣಿ ದಡಕ್ಕೆ ಬಂದ ಮೇಲೆ ಅವನು ಕಾಲೇಜಿಗೆ ಫೋನ್ ಮಾಡಿ ಮಗಳಿಗೆ ಸುದ್ದಿ ಮುಟ್ಟಿಸಿದ. ಅಷ್ಟರಲ್ಲಿ ತಡವಾಗಿತ್ತು. ಮುದುಕನ ಬಾಯಿ ಒಂದು ಕಡೆಗೆ ಸೊಟ್ಟಗಾಗಿದ್ದರೂ ಅವನು ಕೇಳುತ್ತಿದ್ದ ಮಾತು ಎಲ್ಲರಿಗೂ ತಿಳಿಯುತ್ತಿತ್ತು. ನನ್ನ ಹೆಸರು ಎಲ್ಲಿ, ನನ್ನ ಹೆಸರು ಬಂತಾ. ಹಡಗು ಹತ್ತಿದ್ದಾಳೆ, ಇನ್ನೇನು ಬಂದಳು ಎಂದು ಶೋನಾಗ್ ಅವನ ಕೈ ಸವರುತ್ತ ಸುಳ್ಳು ಹೇಳಿದಳು. ಅವನು ಬಾಗಿಲ ಕಡೆ ನೋಡುತ್ತಲೇ ಹೋದ. ಮುರ್ಡಾಗ್ ಮನೆ ತಲುಪಿದಾಗ ಅಂಗಳದ ತುಂಬ ಊರಿನವರ ಕಾರುಗಳಿದ್ದವು, ಒಳಗೆ ಬೆಂಚು ಹಾಕಿ ಕೀರ್ತನೆ ಹಾಡುತ್ತಿದ್ದರು.

ಕಿರ್ಸ್ಟಿ ಮಗಳನ್ನು ಹಿಂದಿನ ಕೋಣೆಗೆ ಎಳೆದುಕೊಂಡು ಹೋಗಿ ಅತ್ತಳು.

"ನಾನು ಫೋನ್ ಮಾಡಿದ್ದೆ ಕಣೇ, ಎರಡು ಸಲ ಮಾಡಿದೆ. ಎಲ್ಲಿಗೋ ತಿರುಗಿಸಿಬಿಟ್ಟೆ. ಯಾರೋ ಹುಡುಗಿ ಎತ್ಕೊಂಡು ಅಂಥವರು ಯಾರೂ ಇಲ್ಲ ಅಂದ್ಲು."

ಮುರ್ಡಾಗ್‌ಗೆ ಎಲ್ಲವೂ ಗೊತ್ತಿತ್ತು. ಆ ಫೋನ್ ಬಂದ ದಿನ ರಾತ್ರಿಯ ಊಟಕ್ಕೆ ಕೂತಾಗ ಹಿಲರಿ ಹೇಳಿದ್ದಳು, ಯಾರೋ ಹಳ್ಳಿ ಹೆಂಗಸು ನಿದ್ದೆ ಕೆಡಿಸಿ ಮುರ್ಡಾಗ್ ಮುರ್ಡಾಗ್ ಅಂತಿದ್ಲು, ಅದು ಮನುಷ್ಯರ ಹೆಸರೋ ಹಸುವಿನ ಹೆಸರೋ ಎಂದು. ಎಲ್ಲರೂ ನಕ್ಕರು. ಮುರ್ಡಾಗ್ ಕೂಡ ನಕ್ಕಳು. ಎಂದೂ ಫೋನ್ ಮಾಡದ ಅಮ್ಮ ಮಾಡಿದ್ದಾಳೆಂದರೆ ಏನೋ ಆಗಿದೆ ಎಂದು ಅವಳಿಗೆ ಹೊಳೆದಿತ್ತು. ಆದರೆ ಅವರ ಮುಂದೆಯೇ ಎದ್ದು ಹೋಗಿ ಮನೆಗೆ ಫೋನ್ ಮಾಡಿದರೆ ಬಣ್ಣ ಬಯಲಾಗುತ್ತಿತ್ತು. ಬೀದಿ ತುದಿಯ ಫೋನ್ ಡಬ್ಬಿಗೆ ಹೋಗೋಣವೆಂದರೆ ಮಳೆ ಬರುತ್ತಿತ್ತು. ಮರುದಿನ ಟೈಪಿಂಗ್ ಪರೀಕ್ಷೆ ಇತ್ತು. ಹೇಗಿದ್ದರೂ ಶನಿವಾರ ಮಾತಾಡುತ್ತೇನಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡು ಮಲಗಿದ್ದಳು.

ಈಗ ಅಮ್ಮನ ಮುಂದೆ ನಿಂತು ಅವಳು ಒಂದೇ ಮಾತು ಹೇಳಬೇಕಾಗಿತ್ತು. ಹೇಳಲಿಲ್ಲ. ಪರವಾಗಿಲ್ಲ ಅಮ್ಮ, ಅಳಬೇಡ, ಎಂದಳು. ಹಾಗೆಂದು ಕ್ಷಮಿಸಿದವಳ ಹಾಗೆ ಅಮ್ಮನ ಬೆನ್ನು ತಟ್ಟಿದ್ದು ಅವಳಿಗೆ ಆಮೇಲೆ ನೆನಪಾಗಿ ನಾಚಿಕೆಯಾಯಿತು.

ಹೆಣ ಎತ್ತಿದಾಗ ಗಂಡಸರು ಸಾಲಾಗಿ ನಿಂತು ಹೆಗಲು ಬದಲಿಸುತ್ತ ನಡೆದರು. ನಮ್ಮಲ್ಲಿ ಹೆಂಗಸರು ಹೊಂಡದ ತನಕ ಹೋಗುವುದಿಲ್ಲ. ಮುರ್ಡಾಗ್ ಮನೆಯ ಗೋಡೆ ಮೂಲೆಯಲ್ಲಿ ನಿಂತು ದಾರಿಯ ತಿರುವಿನವರೆಗೆ ನೋಡಿದಳು. ನೀನು ಗಂಡಾಗಿದ್ದರೆ ಹೊಂಡಕ್ಕೆ ಪೆಟ್ಟಿಗೆ ಇಳಿಸುವಾಗ ತಲೆಯ ಕಡೆಯ ಹಗ್ಗ ನಿನ್ನ ಕೈಯಲ್ಲಿರುತ್ತಿತ್ತು, ಅವನ ಹೆಸರಿನವಳು ನೀನು ತಾನೆ, ಎಂದು ಅಜ್ಜಿ ಪಕ್ಕದಲ್ಲಿ ನಿಂತು ಹೇಳಿದಳು. ಅದು ಮೆಚ್ಚುಗೆಯ ಮಾತು. ಮುರ್ಡಾಗ್ ಒಳಗೆ ಹೋಗಿ ಪಾತ್ರೆ ತೊಳೆಯತೊಡಗಿದಳು.

ಕಾಲೇಜಿಗೆ ಹೇಗೂ ಈಸ್ಟರ್ ರಜೆ ಬಂದಿತ್ತು. ಅದು ಮುಗಿದ ಮೇಲೂ ಅವಳು ಕೆಲವು ವಾರ ಉಳಿದಳು. ಕುರಿ ಮರಿ ಹಾಕುವ ಕಾಲ, ಆಮೇಲೆ ಒಲೆಯಲ್ಲಿ ಉರಿಸುವ ಜವುಗು ಮಣ್ಣನ್ನು ಕಡಿದು ಒಣಗಿಸುವ ಕಾಲ. ಮನೆಯಲ್ಲಿ ಒಂದು ಜೋಡಿ ಕೈ ಕಡಿಮೆಯಾಗಿತ್ತು. ಅವಳು ಎಂದೂ ಮಾಡದಷ್ಟು ಕೆಲಸ ಮಾಡಿದಳು. ಬೆಳಿಗ್ಗೆ ಒಲೆಯ ಬೂದಿ ತೆಗೆದಳು, ತಾಯಿ ಬಿಟ್ಟ ಮರಿಗಳಿಗೆ ಬಾಟಲಿಯಲ್ಲಿ ಹಾಲು ಕುಡಿಸಿದಳು, ಅಜ್ಜಿಯ ಕಾಲಿಗೆ ಎಣ್ಣೆ ತಿಕ್ಕಿದಳು. ಎಡಿನ್‌ಬರೋ ಈ ಹುಡುಗಿಯನ್ನು ಹಾಳು ಮಾಡಿಲ್ಲ ಎಂದು ಊರೆಲ್ಲ ಮಾತಾಡಿತು.

ಹಾಳಾಗುತ್ತಿದ್ದವಳು ಕಿರ್ಸ್ಟಿ. ಪೆಗಿ ದಿನಕ್ಕೊಮ್ಮೆಯಾದರೂ ಆ ಫೋನಿನ ಮಾತು ಎತ್ತುತ್ತಿದ್ದಳು. ಉಪ್ಪು ಹಾಕಿದ ಹೆರಿಂಗ್ ಮೀನು ಮತ್ತು ಆಲೂಗೆಡ್ಡೆ ಮೇಜಿಗೆ ಬಂದರೆ, ಅಪ್ಪನಿಗೆ ಇದು ಎಷ್ಟು ಇಷ್ಟ ಎಂದು ಶುರು ಮಾಡಿ, ಒಂದು ಸಲ ಮೊಮ್ಮಗಳ ಮುಖ ನೋಡಿ ಹೋಗಿದ್ದರೆ ಎಂಬಲ್ಲಿಗೆ ತಂದು ನಿಲ್ಲಿಸುತ್ತಿದ್ದಳು.

"ನಾನು ಪಕ್ಕದಲ್ಲೇ ನಿಂತಿದ್ದೆ. ನಾನಾದ್ರೂ ಕಿತ್ಕೊಂಡು ತಿರುಗಿಸಬಾರದಿತ್ತಾ ಅಂತ ಅನ್ಸುತ್ತೆ. ಇವಳ ಕೈಗೆ ಕೊಟ್ಟಿದ್ದೇ ತಪ್ಪು."

"ಇರ್ಲಿ ಬಿಡೇ," ಎಂದು ಶೋನಾಗ್ ಅನ್ನುತ್ತಿದ್ದಳು. ಆದರೆ ಸೊಸೆಯ ಮುಖ ನೋಡಿ ಅನ್ನುತ್ತಿರಲಿಲ್ಲ.

ಒಂದು ದಿನ ಕೆನ್ನಿಗೆ ಸಾಕಾಯಿತು. ನಂಬರ್ ಇನ್ನೂ ಬಾಗಿಲ ಹಿಂದೆಯೇ ಇದೆಯಲ್ಲ, ಈಗ ಒಂದು ಸಲ ತಿರುಗಿಸಿ ನೋಡಿದರೆ ಬರೆದದ್ದು ತಪ್ಪೋ ತಿರುಗಿಸಿದ್ದು ತಪ್ಪೋ ಗೊತ್ತಾಗುತ್ತದೆ ಎಂದು ಎದ್ದ. ಮುರ್ಡಾಗ್ ತುತ್ತು ನುಂಗುವ ಮೊದಲೇ, ಅಲ್ಲಿ ಯಾರೂ ಇಲ್ಲ ಅಪ್ಪ, ಎಲ್ಲ ರಜಕ್ಕೆ ಊರಿಗೆ ಹೋಗಿದ್ದಾರೆ, ಎಂದಳು. ನಂಬರ್ ಸರಿಯಾಗೇ ಬರೆದಿದ್ದೀನಿ, ಎಂದೂ ಸೇರಿಸಿದಳು. ಕೆನ್ನಿ ಕೂತ. ಆ ಎರಡನೆಯ ಮಾತಿನಿಂದ ತಪ್ಪು ಪೂರ್ತಿಯಾಗಿ ಅಮ್ಮನ ತಲೆಗೆ ಬಂತು. ಕಿರ್ಸ್ಟಿ ತಟ್ಟೆಯಿಂದ ಕಣ್ಣೆತ್ತದೆ, ಹೌದು, ಅವಳ ಅಕ್ಷರ ಮುತ್ತಿನ ಹಾಗಿದೆ, ನಾನೇ, ಎಂದಳು.

ಕಿರ್ಸ್ಟಿ ಊರಿನ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂರುವವಳು. ಪಿಂಚಣಿ ಕೊಡುವುದು, ಕಾಗದ ಹಂಚುವುದು, ಎಲ್ಲರ ವಿಷಯ ತಿಳಿದೂ ತಿಳಿಯದ ಹಾಗಿರುವುದು ಅವಳ ಕೆಲಸ. ಮದುವೆಯಾಗಿ ಬಂದಾಗಿನಿಂದ ಅವಳಿಗೆ ಮನೆಯಾಚೆ ಇದ್ದ ಒಂದೇ ಹೆಮ್ಮೆ ಅದು. ಈಗ ಕೌಂಟರಿನ ಆಚೆ ನಿಂತವರು ಕಾಗದ ಕೈಗೆ ಬಂದಾಗ, ವಿಳಾಸ ಸರಿಯಾಗಿ ನೋಡಿದ್ಯಾ ಕಿರ್ಸ್ಟಿ, ಎಂದು ತಮಾಷೆ ಮಾಡುತ್ತಿದ್ದರು. ಅವಳೂ ನಗುತ್ತಿದ್ದಳು. ಆಮೇಲೆ ಕಣ್ಣು ಮಂಜಾಗಿರಬಹುದು ಎಂದು ದ್ವೀಪದ ದೊಡ್ಡ ಪೇಟೆ ಸ್ಟಾರ್ನೋವೇಗೆ ಹೋಗಿ ಪರೀಕ್ಷೆ ಮಾಡಿಸಿಕೊಂಡಳು. ಕಣ್ಣು ಚೆನ್ನಾಗಿಯೇ ಇದೆ ಎಂದರು ಡಾಕ್ಟರು. ಯಾರಾದರೂ ಸಂತೋಷಪಡುವ ಸುದ್ದಿ ಅದು. ಅವಳು ಮನೆಗೆ ಬಂದು ಕೋಟೂ ತೆಗೆಯದೆ ಕೂತಳು.

"ಕಣ್ಣಲ್ಲ ಅಂದ್ರೆ ತಲೆ," ಎಂದಳು ಮಗಳಿಗೆ. "ನಮ್ಮಮ್ಮನಿಗೂ ಹೀಗೇ ಶುರುವಾಗಿದ್ದು. ಎಣಿಕೆ ತಪ್ಪೋದು, ಆಮೇಲೆ ಮುಖ ಮರೆಯೋದು. ಬೇರೆಯವರ ದುಡ್ಡು ಮುಟ್ಟೋ ಕೆಲಸ ಇನ್ನು ಬೇಡ. ತಿಂಗಳ ಕೊನೆಗೆ ಬಿಡ್ತೀನಿ ಅಂತ ಹೇಳ್ಬಿಟ್ಟೆ."

ಆ ರಾತ್ರಿ ಮುರ್ಡಾಗ್‌ಗೆ ಊಟ ಸೇರಲಿಲ್ಲ. ನಾಳೆ ಹೇಳುತ್ತೇನೆ ಎಂದುಕೊಂಡಳು. ನಾಳೆ ಬಂದಾಗ ಅಜ್ಜಿ ಅವಳನ್ನು ಕರೆದು, ಮುದುಕನ ಉಣ್ಣೆಯ ಅಂಗಿಯನ್ನು ಕೈಗಿಟ್ಟು, ಇದು ಅವನ ಹೆಸರಿಗೇ ಸೇರಬೇಕು ಎಂದಳು. ಹೇಳುವುದು ಮತ್ತೆ ಮುಂದಕ್ಕೆ ಹೋಯಿತು. ಅಂಗಿಯಲ್ಲಿ ಇನ್ನೂ ತಂಬಾಕಿನ ವಾಸನೆ ಇತ್ತು. ಅವಳು ಅದನ್ನು ಹಾಕಿಕೊಳ್ಳಲೂ ಆರದೆ ಬಿಡಲೂ ಆರದೆ ಪೆಟ್ಟಿಗೆಯ ತಳದಲ್ಲಿ ಇಟ್ಟಳು.

ಮಣ್ಣು ಕಡಿಯುವ ದಿನ ಬಂತು. ಊರಿನ ಗಂಡಸರೆಲ್ಲ ಕೆನ್ನಿಗೆ ಕೈ ಜೋಡಿಸಲು ಬಯಲಿಗೆ ಹೋದರು. ಮುರ್ಡಾಗ್ ಕಡಿದ ಹಸಿ ತುಂಡುಗಳನ್ನು ಎತ್ತಿ ಹರಡುತ್ತಿದ್ದಳು. ಮಧ್ಯಾಹ್ನದ ಬುತ್ತಿ ತರಲು ಮನೆಗೆ ಬಂದರೆ ಕಿರ್ಸ್ಟಿ ಬೇಯಿಸಿದ ಮೊಟ್ಟೆ, ಓಟ್ಸ್ ರೊಟ್ಟಿ, ಗಿಣ್ಣು ಎಲ್ಲ ಬುಟ್ಟಿಗೆ ತುಂಬುತ್ತ ತನ್ನಷ್ಟಕ್ಕೆ ನಗುತ್ತಿದ್ದಳು. ಸಾವಾದ ಮೇಲೆ ಅವಳು ಮನೆಯೊಳಗೆ ನಕ್ಕದ್ದು ಮುರ್ಡಾಗ್ ಕಂಡಿರಲಿಲ್ಲ. ಫೋನು ಬಂದರೂ ಅವಳು ಎತ್ತುತ್ತಿರಲಿಲ್ಲ, ಅದು ಬಡಿದುಕೊಂಡು ಸುಮ್ಮನಾಗಬೇಕು.

"ಇವತ್ತು ಎತ್ತಿದೆ ಕಣೇ," ಎಂದಳು. "ಮನೇಲಿ ಯಾರೂ ಇರ್ಲಿಲ್ಲ, ಬಿಡದೆ ಹೊಡ್ಕೋತಿತ್ತು. ಎತ್ತಿದ್ರೆ ಒಬ್ಬ ಹುಡುಗಿ, ಏಲಿ ಇದ್ದಾಳಾ ಅಂತಾಳೆ. ಇಲ್ಲಿ ಏಲಿ ಯಾರೂ ಇಲ್ಲಮ್ಮ, ಬೇರೆ ಕಡೆ ತಿರುಗಿಸಿದ್ದೀಯ ಅಂದೆ. ಪಾಪ, ಗಾಬರಿಯಾಯ್ತು ಅವಳಿಗೆ, ಬರೆದುಕೊಂಡಿದ್ದು ಇದೇ ನಂಬರ್ ಅಂತ ಒದ್ದಾಡಿದ್ಲು. ಪರವಾಗಿಲ್ಲಮ್ಮ, ನಾನೂ ಹೀಗೇ ಮಾಡಿದ್ದೆ ಅಂದೆ. ನೋಡು, ಚಿಕ್ಕ ವಯಸ್ಸಿನವರಿಗೂ ಆಗುತ್ತೆ. ನನ್ನ ತಲೆ ಅಷ್ಟೇನೂ ಕೆಟ್ಟಿಲ್ಲ."

ಮುರ್ಡಾಗ್ ಬಾಗಿಲಲ್ಲೇ ನಿಂತಳು. ಕೈಯ ಕೆಸರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಅಮ್ಮನ ಮುಖದಲ್ಲಿ ಆ ಸಣ್ಣ ಖುಷಿ ನೋಡಿ ಅವಳಿಗೆ ತಡೆಯಲಾಗಲಿಲ್ಲ.

"ಅಮ್ಮ, ಆ ಹುಡುಗಿ ತಪ್ಪು ತಿರುಗಿಸಿಲ್ಲ."

"ಮತ್ತೆ?"

"ಏಲಿ ಅಂದ್ರೆ ನಾನೇ. ಅಲ್ಲಿ ನನ್ನನ್ನ ಎಲ್ಲರೂ ಹಾಗೇ ಕರೆಯೋದು. ನಾನೇ ಹಾಗೆ ಹೇಳಿದ್ದೆ. ಬರೋವಾಗ ಈ ನಂಬರ್ ಅವರಿಗೆ ಬರೆದುಕೊಟ್ಟು ಬಂದಿದ್ದೆ. ನೀನೂ ತಪ್ಪು ತಿರುಗಿಸಿರಲಿಲ್ಲ."

ಕಿರ್ಸ್ಟಿ ಕೈಯಲ್ಲಿದ್ದ ಮೊಟ್ಟೆಯನ್ನು ಬುಟ್ಟಿಗೆ ಹಾಕಿ, ಬಟ್ಟೆ ಮುಚ್ಚಿ, ಅದರ ಅಂಚನ್ನು ಸುತ್ತಲೂ ಒಳಗೆ ಸೇರಿಸಿದಳು. ಆಮೇಲೆ ಕೂತಳು. ನಿಧಾನವಾಗಿ, ಒಂದೊಂದಾಗಿ ಕೇಳಿದಳು. ಯಾವಾಗಿನಿಂದ ಎಂದು ಕೇಳಿದಳು. ನಮ್ಮ ಹೆಸರಲ್ಲಿ ಏನು ಕೆಟ್ಟದ್ದಿತ್ತು ಎಂದು ಕೇಳಿದಳು. ನಗುತ್ತಾರೆ ಅಮ್ಮ ಎಂದಳು ಮುರ್ಡಾಗ್. ಕಿರ್ಸ್ಟಿಯ ಹೆಗಲಿನ ಭಾರ ಇಳಿದ ಹಾಗೆ ಕಂಡಿತು. ಕಣ್ಣೂ ಸರಿಯಿದೆ, ತಲೆಯೂ ಸರಿಯಿದೆ ಎಂಬುದು ಅವಳಿಗೆ ಆಗಷ್ಟೇ ತಿಳಿಯುತ್ತಿತ್ತು. ಮುರ್ಡಾಗ್‌ಗೆ ಇಷ್ಟರಲ್ಲೇ ಮುಗಿಯಿತೇನೋ ಅನ್ನಿಸಿತು.

"ಅವತ್ತು ನನ್ನ ಫೋನ್ ಎತ್ತಿದ ಹುಡುಗಿ ನಿನಗೆ ಹೇಳ್ಲಿಲ್ವಾ, ಹಿಂಗೊಂದು ಫೋನ್ ಬಂದಿತ್ತು ಅಂತ?"

ಇಲ್ಲ ಎಂದಿದ್ದರೆ ಅಮ್ಮ ನಂಬುತ್ತಿದ್ದಳು. ಮುರ್ಡಾಗ್ ಗೋಡೆ ನೋಡುತ್ತ ಹೇಳಿದಳು.

"ಹೇಳಿದ್ಲು. ಅವತ್ತೇ ಹೇಳಿದ್ಲು."

"ನೀನೇನು ಮಾಡಿದೆ?"

"ನಕ್ಕೆ. ಅವರ ಜೊತೆ."

ಹೊರಗೆ ಮರಿಗಳು ಹಾಲಿಗೆ ಕೂಗುತ್ತಿದ್ದವು. ಕಿರ್ಸ್ಟಿ ಎದ್ದು ಟೀ ಪಾತ್ರೆ ತುಂಬಿಸಿದಳು. ಮಗಳ ಕಡೆ ಬೆನ್ನು ಹಾಕಿಯೇ ಮಾತಾಡಿದಳು. ಈ ವಿಷಯ ಈ ಅಡುಗೆಮನೆ ದಾಟಬಾರದು ಎಂದಳು. ಎಲ್ಲರಿಗೂ ಹೇಳುತ್ತೇನೆ, ಇವತ್ತೇ ಹೇಳುತ್ತೇನೆ, ಪೆಗಿ ಅತ್ತೆ ಕಾಲಿಗೆ ಬೇಕಾದರೂ ಬೀಳುತ್ತೇನೆ ಎಂದು ಮುರ್ಡಾಗ್ ಅಳತೊಡಗಿದಾಗ ಕಿರ್ಸ್ಟಿಯ ದನಿ ಗಟ್ಟಿಯಾಯಿತು.

"ಪೆಗಿ ವಿಷಯ ಬಿಡು. ನಿಮ್ಮಜ್ಜಿ ಉಳ್ಕೊಂಡಿರೋದು ಒಂದು ಮಾತಿನ ಮೇಲೆ. ಅವನ ಹೆಸರಿನವಳಿಗೆ ಸುದ್ದಿ ಮುಟ್ಟಿದ್ರೆ ಈಜ್ಕೊಂಡಾದ್ರೂ ಬರ್ತಿದ್ಲು ಅಂತ ಬಂದವರ ಹತ್ರ ಎಲ್ಲ ಹೇಳ್ತಾಳೆ. ಅದನ್ನ ಕಿತ್ಕೊಂಡು ಅವಳಿಗೆ ಏನು ಕೊಡ್ತೀಯ? ನಂಬರ್ ತಪ್ಪಾಯ್ತು ಅನ್ನೋದನ್ನ ಜನ ಹುಲ್ಲು ಕೊಯ್ಯೋ ಹೊತ್ತಿಗೆ ಮರೀತಾರೆ. ಇದನ್ನ ಮರೆಯಲ್ಲ."

"ಅಲ್ಲೀ ತನಕ ನೀನು ಅನ್ನಿಸ್ಕೋಬೇಕಾ?"

"ಅನ್ನಿಸ್ಕೊಂಡು ಅಭ್ಯಾಸ ಆಗಿದೆ. ಬುಟ್ಟಿ ಎತ್ತು, ಅವರು ಹಸಿದಿರ್ತಾರೆ."

ಕಿರ್ಸ್ಟಿ ಅಂಚೆ ಕಚೇರಿ ಬಿಡಲಿಲ್ಲ. ಇನ್ನೊಬ್ಬರು ಸಿಗುವ ತನಕ ಇರು ಎಂದು ಬೇಡಿಕೊಂಡರು ಎಂದು ಮನೆಯಲ್ಲಿ ಹೇಳಿದಳು. ಕೌಂಟರಿನವರ ತಮಾಷೆಗೆ ಮೊದಲಿನ ಹಾಗೆಯೇ ನಕ್ಕಳು. ಮಗಳ ಜೊತೆ ಬೇಕಾದಷ್ಟು ಮಾತಾಡಿದಳು. ಕುರಿಗೆ ನೀರಿಟ್ಟೆಯಾ, ಅಜ್ಜಿಯ ಮಾತ್ರೆ ಕೊಟ್ಟೆಯಾ, ಅಂಥವು. ಬೈದಿದ್ದರೆ ಮುರ್ಡಾಗ್ ಉಳಿದುಕೊಳ್ಳುತ್ತಿದ್ದಳು. ಬೈಗುಳ ಬರಲಿಲ್ಲ.

ಹೊರಡುವ ಮುಂಚಿನ ಭಾನುವಾರ ಚರ್ಚಿನಿಂದ ಬಂದು ಎಲ್ಲರೂ ಊಟಕ್ಕೆ ಕೂತರು. ಶನಿವಾರವೇ ಮಾಡಿಟ್ಟ ಕುರಿಮಾಂಸದ ಸಾರು, ಪೆಗಿಯೂ ಬಂದಿದ್ದಳು. ಪಾದ್ರಿಗಳು ಅಂದು ಮುದುಕನನ್ನು ನೆನೆದಿದ್ದರು. ಪೆಗಿ ಕಣ್ಣೊರೆಸಿಕೊಂಡಳು, ಆಮೇಲೆ ಎಂದಿನ ದಾರಿ ಹಿಡಿದಳು.

"ಮುರ್ಡಾಗ್, ನೀನು ಹೋದ ಮೇಲೆ ನಿಮ್ಮಮ್ಮ ಫೋನ್ ಮುಟ್ಟದ ಹಾಗೆ ನೋಡ್ಕೋತೀನಿ. ಇನ್ನು ನಾನೇ ತಿರುಗಿಸ್ತೀನಿ. ಇಲ್ಲದಿದ್ರೆ ನಮ್ಮಮ್ಮನಿಗೂ ಅದೇ ಗತಿ."

ಕೆನ್ನಿ, ಸಾಕು ಮಾಡಕ್ಕ, ಎಂದ. ಮುರ್ಡಾಗ್ ಚಮಚ ಕೆಳಗಿಟ್ಟಳು. ಅವಳ ಬಾಯಿ ತೆರೆದಿತ್ತು. ಎದುರಿಗೆ ಅಜ್ಜಿ ರೊಟ್ಟಿ ಮುರಿದು ಅವಳ ತಟ್ಟೆಗೆ ಹಾಕುತ್ತ, ನನ್ನ ಮುದುಕನ ಹೆಸರು ಸೊರಗಿಹೋಗಿದೆ, ತಿನ್ನು, ಎನ್ನುತ್ತಿದ್ದಳು. ಕಿರ್ಸ್ಟಿ ಮಗಳನ್ನು ಒಂದು ಸಲ ನೋಡಿದಳು.

"ಹೌದು ಅತ್ತಿಗೆ, ನೀವೇ ತಿರುಗಿಸಿ," ಎಂದು ಪೆಗಿಗೆ ಸಾರು ಬಡಿಸಿದಳು. "ನನ್ನ ಕೈ ನಂಬೋ ಹಾಗಿಲ್ಲ."

ಮುರ್ಡಾಗ್ ಆ ರೊಟ್ಟಿ ತಿಂದಳು. ಹೇಗೆ ಇಳಿಯಿತೋ ಅವಳಿಗೇ ಗೊತ್ತಿಲ್ಲ.

ಸ್ಟಾರ್ನೋವೇಗೆ ಹೋಗುವ ಬಸ್ಸು ಅಂಚೆ ಕಚೇರಿಯ ಮುಂದೆಯೇ ನಿಲ್ಲುತ್ತದೆ. ಕಿರ್ಸ್ಟಿ ಕೌಂಟರಿಗೆ ಬೀಗ ಹಾಕಿ ಹೊರಗೆ ಬಂದು ಮಗಳ ಜೊತೆ ನಿಂತಳು. ಗಾಳಿ ಜೋರಾಗಿತ್ತು. ಹಡಗಿನಲ್ಲಿ ಒಳಗೆ ಕೂರು, ತಲೆ ತಿರುಗಿದರೆ ಶುಂಠಿ ಬಿಸ್ಕತ್ತು ತಿನ್ನು ಎಂದು ಹೇಳಿದಳು. ಮುರ್ಡಾಗ್ ಏನೋ ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದಳು. ಅಷ್ಟರಲ್ಲಿ ಅಮ್ಮನೇ ಕೇಳಿದಳು.

"ಪೆಗಿ ಏನಾದ್ರೂ ಅನ್ಲಿ, ಅಂಥ ಹೊತ್ತು ಬಂದ್ರೆ ತಿರುಗಿಸೋಳು ನಾನೇ. ಯಾರು ಬೇಕು ಅಂತ ಕೇಳ್ಲಿ?"

"ಮುರ್ಡಾಗ್ ಅಂತಲೇ ಕೇಳಮ್ಮ. ಹೋದ ತಕ್ಷಣ ಎಲ್ಲರಿಗೂ ಹೇಳ್ತೀನಿ, ನನ್ನ ನಿಜವಾದ ಹೆಸರು ಅದೇ ಅಂತ. ದೇವರಾಣೆ ಹೇಳ್ತೀನಿ."

"ಹೇಳು. ಹೇಳಿದ್ರೆ ಒಳ್ಳೇದು." ಕಿರ್ಸ್ಟಿ ಮಗಳ ಕೋಟಿನ ಮೇಲಿನ ಗುಂಡಿ ಹಾಕಿದಳು. "ಆದ್ರೆ ಅಜ್ಜಿ ಹಾಸಿಗೆ ಹಿಡಿದ ದಿನ, ನೀನು ಹೇಳಿರ್ತೀಯೋ ಇಲ್ವೋ ಅಂತ ಯೋಚಿಸ್ತಾ ನಿಲ್ಲೋಕೆ ನನಗೆ ಆಗಲ್ಲ. ನಾನು ಏಲಿ ಅಂತಲೇ ಕೇಳ್ತೀನಿ."

ಬಸ್ಸು ಬಂತು. ಡ್ರೈವರು ಇಳಿದು ಪೆಟ್ಟಿಗೆಯನ್ನು ಒಳಗಿಟ್ಟ. ಮುರ್ಡಾಗ್ ಮೆಟ್ಟಿಲು ಹತ್ತಿ ತಿರುಗಿದಳು. ಅಮ್ಮ ಕೈಗಳನ್ನು ಎದೆಗೆ ಕಟ್ಟಿಕೊಂಡು, ಬಾಯಲ್ಲಿ ಏನೋ ಹೊರಳಿಸುವವಳ ಹಾಗೆ ನಿಂತಿದ್ದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ.

"ಒಂದ್ಸಲ ಹೇಳಿ ನೋಡ್ತೀನಿ, ಅವತ್ತು ನಾಲಿಗೆ ತೊದಲಬಾರದು," ಎಂದಳು. "ಹೋಗಿ ಬಾ, ಏಲಿ."